ಅಡಿಕೆ ಚಪ್ಪರದಡಿ ಹನ್ನೆರಡು ದಿನ

ನಮ್ಮ ಮನೆ ಶಿರಸಿಯ ಬನವಾಸಿ ರಸ್ತೆ ಕಡೆ, ಪೂರ್ತಿ ಪೇಟೆಯೂ ಅಲ್ಲದ, ಹಳ್ಳಿಯೂ ಅಲ್ಲದ ಕೇರಿಯಲ್ಲಿದೆ. ಯುಗಾದಿ ಹೊತ್ತಿಗೆ ಅಡಿಕೆ ಒಣಗಿಸುವುದು ಮುಗಿದಿರುತ್ತದೆ. ಅಂಗಳದ ಚಪ್ಪರ ಮಾತ್ರ ಮಳೆಗಾಲದವರೆಗೆ ಹಾಗೇ ನಿಂತಿರುತ್ತದೆ. ಅದರಡಿಯ ನೆರಳು ನೋಡಿಯೇ ನನಗೆ ಮಕ್ಕಳ ಬೇಸಿಗೆ ಶಿಬಿರದ ಯೋಚನೆ ಬಂದದ್ದು. ಬಿ.ಕಾಂ. ಮುಗಿಸಿ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದರೆ ನನ್ನ ಆದಾಯಕ್ಕೂ ರಜೆ.

2023ರಲ್ಲಿ ಮೊದಲ ಸಲ ಮಾಡಿದೆ. ಇನ್ನೂರು ಕರಪತ್ರ ಅಚ್ಚು ಹಾಕಿಸಿ, ಪೇಪರ್ ಹಾಕುವ ಹುಡುಗನ ಕೈಗೆ ಕೊಟ್ಟೆ. ಅದರಿಂದ ಬಂದ ಫೋನ್ ಮೂರು, ಸೇರಿದ ಮಗು ಒಂದು. ಉಳಿದ ಹದಿಮೂರು ಮಕ್ಕಳೂ ಟ್ಯೂಷನ್ ತಾಯಂದಿರ ಬಾಯಿಂದ ಬಾಯಿಗೆ ಬಂದವರು. ಏನೇನು ಕಲಿಸುತ್ತೇವೆ ಅಂತ ಕರಪತ್ರದಲ್ಲಿ ಹನ್ನೊಂದು ಸಾಲು ಬರೆದಿದ್ದೆ. ಫೋನ್ ಮಾಡಿದವರು ಕೇಳಿದ್ದು ಎರಡೇ: ಎಷ್ಟು ಹೊತ್ತಿಗೆ ಬಿಡ್ತೀರಿ, ಬಾವಿಗೆ ಕಟ್ಟೆ ಇದೆಯಾ.

ಎಷ್ಟು ಹೊತ್ತಿಗೆ ಎನ್ನುವಲ್ಲೇ ಎಡವಿದ್ದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಂತ ಇಟ್ಟಿದ್ದೆ, ಪಾಪ ಮಕ್ಕಳಿಗೆ ಸುಸ್ತಾಗಬಾರದು ಅಂತ. ಬ್ಯಾಂಕಿನಲ್ಲಿ ಕೆಲಸ ಮಾಡುವ ಪಕ್ಕದ ಮನೆ ಅಕ್ಕ ನೇರವಾಗಿ ಹೇಳಿದರು: "ಎರಡು ತಾಸಿಗೆ ಬಿಟ್ಟು ಕರ್ಕೊಂಡು ಹೋಗೋದಾದ್ರೆ ನಾನು ರಜೆನೇ ಹಾಕ್ಬೇಕು ತಂಗಿ." ಎರಡನೇ ವರ್ಷ ಒಂಬತ್ತರಿಂದ ಒಂದರವರೆಗೆ ಮಾಡಿದೆ. ಹದಿನಾಲ್ಕು ಇದ್ದದ್ದು ಇಪ್ಪತ್ತೆರಡಾಯಿತು. ಕಾರ್ಯಕ್ರಮ ಹೆಚ್ಚುಕಡಿಮೆ ಅದೇ.

ಲೆಕ್ಕ ಮುಚ್ಚಿಡುವುದೇನಿಲ್ಲ. ಮೊದಲ ವರ್ಷ ಹತ್ತು ದಿನಕ್ಕೆ ತಲೆಗೆ 900 ರೂಪಾಯಿ, ಒಟ್ಟು 12,600. ಸಹಾಯಕ್ಕೆ ಬಂದ ಕಾಲೇಜು ಹುಡುಗಿಗೆ 3,000, ತಿಂಡಿ-ಮಜ್ಜಿಗೆಗೆ 2,800, ಬಣ್ಣ-ಕಾಗದಕ್ಕೆ 2,100, ಕರಪತ್ರಕ್ಕೆ 600, ಔಷಧಿ ಡಬ್ಬಿಗೆ 450. ಉಳಿದದ್ದು 3,650. ಆಯಿ, ಅಂದರೆ ನನ್ನ ಅಮ್ಮ, ಹತ್ತು ದಿನ ಅಡುಗೆಮನೆಯಲ್ಲಿ ನಿಂತದ್ದಕ್ಕೆ ಕೂಲಿ ಹಿಡಿದರೆ ಅದೂ ಇಲ್ಲ. ಎರಡನೇ ವರ್ಷ ಹನ್ನೆರಡು ದಿನಕ್ಕೆ 1,500 ಮಾಡಿದೆ. ಆದರೆ 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನೆಂಟರಿಷ್ಟರು ಅಂತ ಎಲ್ಲರ ಕೈಯೂ ಖಾಲಿ. ಅರ್ಧ ಮೊದಲು, ಅರ್ಧ ಮೇ ಒಂದಕ್ಕೆ ಅಂದೆ. ಒಬ್ಬರೂ ಬಾಕಿ ಇಟ್ಟುಕೊಳ್ಳಲಿಲ್ಲ. ಒಂದೇ ಮನೆಯ ಎರಡನೇ ಮಗುವಿಗೆ 200 ಬಿಟ್ಟೆ. ಸಹಾಯಕ್ಕೆ ಇಬ್ಬರನ್ನು ಇಟ್ಟುಕೊಂಡೂ, ಆಯಿಗೆ ಸಂಬಳ ಅಂತ ಕೊಟ್ಟೂ ಹನ್ನೊಂದು ಸಾವಿರ ಉಳಿಯಿತು. ಆಯಿ ಆ ದುಡ್ಡು ಮುಟ್ಟಿಲ್ಲ, ಅದು ಬೇರೆ ಮಾತು.

ಮೊದಲ ವರ್ಷ ಆರನೇ ದಿನ ನಡೆದದ್ದನ್ನು ನೆನೆದರೆ ಈಗಲೂ ಬೆವರುತ್ತದೆ. ಹುಡುಗಿಯೊಬ್ಬಳ ಚಿಕ್ಕಪ್ಪ ಬೈಕಿನಲ್ಲಿ ಬಂದರು. ಅವಳೂ "ಚಿಕ್ಕಪ್ಪ" ಅಂತ ಓಡಿಹೋಗಿ ಹತ್ತಿದಳು, ನಾನೂ ಕೈ ಬೀಸಿದೆ. ಹತ್ತು ನಿಮಿಷಕ್ಕೆ ಅವಳ ತಾಯಿ ಸ್ಕೂಟಿ ನಿಲ್ಲಿಸಿ "ಎಲ್ಲಿ ಇವಳು?" ಅಂದರು. ಚಿಕ್ಕಪ್ಪನ ಫೋನ್ ತಾಗುತ್ತಿಲ್ಲ. ಅವರು ಪೇಟೆಯಲ್ಲಿ ಐಸ್‌ಕ್ರೀಂ ಕೊಡಿಸಿ ಮನೆ ಮುಟ್ಟುವವರೆಗಿನ ಇಪ್ಪತ್ತು ನಿಮಿಷ ಆ ತಾಯಿ ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಉದ್ದನೆಯ ನೋಟ್‌ಬುಕ್ ತಂದೆ: ಪ್ರತಿ ಮಗುವಿಗೆ ಒಂದು ಪುಟ, ಕರೆದೊಯ್ಯಬಹುದಾದ ಇಬ್ಬರ ಹೆಸರು, ಫೋನ್ ನಂಬರ್, ದಿನಾ ಸಹಿ. ಬೇರೆ ಯಾರಾದರೂ ಬಂದರೆ ಮೊದಲು ಮನೆಗೆ ಫೋನ್. ಒಬ್ಬ ಅಜ್ಜನಿಗೆ ಸಿಟ್ಟು ಬಂದು "ನನ್ನ ಮೊಮ್ಮಗಂಗೇ ಸಹಿ ಹಾಕವಾ?" ಅಂದರು. ಹಾಕಿಸಿದೆ.

ಸಹಸ್ರಲಿಂಗಕ್ಕೂ ಮನೆಗೊಬ್ಬ ದೊಡ್ಡವರು ಜೊತೆಗಿದ್ದರಷ್ಟೇ ಹೋದದ್ದು. ಶಾಲ್ಮಲೆ ಹೊಳೆಯಲ್ಲಿ ಬೇಸಿಗೆಗೆ ನೀರಿಳಿದು ಬಂಡೆಗಳಲ್ಲಿ ಕೆತ್ತಿದ ಲಿಂಗಗಳು ಚೆನ್ನಾಗಿ ಕಾಣುತ್ತವೆ, ಹಾಗೇ ಬಂಡೆಯ ಮೇಲೆ ಕಾಲೂ ಚೆನ್ನಾಗಿ ಜಾರುತ್ತದೆ. ಕಾಡಿನ ನಡಿಗೆಯನ್ನಂತೂ 2024ರಲ್ಲಿ ಪೂರ್ತಿ ಕೈಬಿಟ್ಟೆ. ಆ ವರ್ಷ ಸಿದ್ದಾಪುರ ಕಡೆ ಮಂಗನ ಕಾಯಿಲೆ ಜೋರಾಗಿತ್ತು. ಉಣುಗು ಕಚ್ಚಿ ಬರುವ ಜ್ವರ ಅದು, ಅದರ ಕಾಲವೂ ಮಳೆ ಬೀಳುವ ಮೊದಲಿನ ಇದೇ ತಿಂಗಳುಗಳು. ಆರೋಗ್ಯ ಇಲಾಖೆಯವರು ಮೈಗೆ ಹಚ್ಚಿಕೊಳ್ಳಲು ಡೆಪಾ ತೈಲ ಕೊಡುತ್ತಾರೆ ನಿಜ. ಆದರೂ ಬೇರೆಯವರ ಮಕ್ಕಳನ್ನು ಕಾಡಿನ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಓಡಾಡಿಸುವ ಧೈರ್ಯ ನನಗಿಲ್ಲ.

ಯಕ್ಷಗಾನದ ಹೆಜ್ಜೆ ಹೇಳಿಕೊಡಲು ಮೇಳದ ಕಲಾವಿದರೊಬ್ಬರನ್ನು ಕರೆದದ್ದೂ ತಪ್ಪೇ ಆಯಿತು. ಏಪ್ರಿಲ್ ಅಂದರೆ ಮೇಳಗಳ ತಿರುಗಾಟದ ಕಾಲ. ಇಡೀ ರಾತ್ರಿ ವೇಷ ಮಾಡಿ, ಬಣ್ಣ ತೊಳೆದು, ಬಸ್ ಹತ್ತಿ ಬಂದ ಮನುಷ್ಯ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ಮುಂದೆ ತಾಳ ಹಾಕುತ್ತಾ ತೂಕಡಿಸಿದರು. ನನಗೇ ನಾಚಿಕೆಯಾಯಿತು. ಮುಂದಿನ ವರ್ಷ ಊರಿನ ಹವ್ಯಾಸಿಯೊಬ್ಬರನ್ನು ಕೇಳಿದೆ.

"ಸ್ಪೋಕನ್ ಇಂಗ್ಲಿಷ್ ಇದ್ಯಾ?" ಅಂತ ಕೇಳದ ಪಾಲಕರಿಲ್ಲ. ಇಲ್ಲ ಅಂದೆ. ಇಬ್ಬರು ಬೇರೆ ಶಿಬಿರಕ್ಕೆ ಹೋದರು. ನಮ್ಮಲ್ಲಿ ದುಡ್ಡು ಕೊಟ್ಟು ತಂದ ಆಟದ ಸಾಮಾನಿಗಿಂತ ಹೆಚ್ಚು ಓಡಿದ್ದು ತೋಟದಲ್ಲಿ ಬಿದ್ದ ಅಡಿಕೆ ಹಾಳೆ: ಒಬ್ಬ ಕೂರುವುದು, ಇಬ್ಬರು ಸೋಗೆ ಹಿಡಿದು ಎಳೆಯುವುದು. ಚಡ್ಡಿ ಹರಿದ ಬಗ್ಗೆ ಎರಡು ದೂರು ಬಂದವು, ಒಪ್ಪಿಕೊಂಡೆ.

ಎಲ್ಲಕ್ಕಿಂತ ಗೆದ್ದದ್ದು ಹಲಸಿನ ಹಪ್ಪಳ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಸಿ ತೊಳೆ ಬಿಡಿಸಲು ಕೂರಿಸಿದೆ. ಆದರೂ ಒಬ್ಬಳ ಜಡೆಗೆ ಮೇಣ ಅಂಟಿತು. ತೊಳೆ ಬೇಯಿಸಿ, ಉಪ್ಪು-ಮೆಣಸು-ಜೀರಿಗೆ ಹಾಕಿ ರುಬ್ಬಿದ್ದು ಆಯಿ. ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಿದ್ದು ಮಕ್ಕಳು. ಯಾರೋ ಒಬ್ಬ ತನ್ನ ಹಪ್ಪಳದ ಮೇಲೆ ಉಗುರಿನಿಂದ 'ಪ್ರ' ಅಂತ ಗೀರಿದ. ಆಮೇಲೆ ಕೇಳಬೇಕೆ, ಚಾಪೆ ತುಂಬ ಅಕ್ಷರಮಾಲೆ. ಮಕ್ಕಳು ಮನೆಗೆ ಹೋದ ಮೇಲೆ ಮೂರು ಗಂಟೆಗೆ ಗುಡುಗಿತು. ನಾನೂ ಆಯಿಯೂ ನಾಲ್ಕು ಚಾಪೆ ಎಳೆದು ಜಗಲಿಗೆ ಹಾಕುವಷ್ಟರಲ್ಲಿ ಕೊನೆಯ ಚಾಪೆ ನೆನೆಯಿತು.

ಮರುದಿನ ಒಂಬತ್ತಕ್ಕೆ ಬರಬೇಕಾದವರು ಎಂಟೂವರೆಗೇ ಹಾಜರು. ಚಪ್ಪಲಿ ಬಿಡದೆ ಜಗಲಿ ಹತ್ತಿ ತಂತಮ್ಮ ಅಕ್ಷರ ಹುಡುಕತೊಡಗಿದರು. 'ಪ್ರ' ಮಾಣಿ ಎರಡು ಸಲ ಎಣಿಸಿ ನನ್ನ ಹತ್ತಿರ ಬಂದ. "ಅಕ್ಕ, ನಂದು ಒಂದು ಕಮ್ಮಿ ಇದ್ದು." ಒಳಗಿನಿಂದ ಆಯಿ ತಲೆ ಹೊರಹಾಕಿದಳು. ಉಪ್ಪು ಸರಿ ಇದೆಯಾ ನೋಡಲು ರಾತ್ರಿಯೇ ಒಂದು ಹಪ್ಪಳ ಕರಿದು ತಿಂದಿದ್ದಳಂತೆ.