ಸಮುದಾಯ ಭವನದ ರಿಪೇರಿ: ಮೊದಲು ನೀರು, ಆಮೇಲೆ ಕೋರ್ಟು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಇಲ್ಲಿನ ಸಮುದಾಯ ಭವನದಲ್ಲೇ ಶಟಲ್ ಆಟ, ಮದುವೆ, ಗಣಪತಿ ಹಬ್ಬ, ತಾಳಮದ್ದಳೆ ಎಲ್ಲವೂ. ರಿಪೇರಿಯ ಉಸ್ತುವಾರಿ ನನಗೆ ಬಂದಾಗ ಹುಡುಗರು ಮೊದಲು ಕೇಳಿದ್ದು ಮರದ ನೆಲದ ಕೋರ್ಟು. ನಾನು ಬೇಡ ಎಂದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಇಂಥ ಕಡೆ ನೀರಿಗೆ ದಾರಿ ಮಾಡದೆ ನೆಲಕ್ಕೆ ದುಡ್ಡು ಸುರಿದರೆ ಮರ ಉಬ್ಬಿ ಏಳುತ್ತದೆ ಅಷ್ಟೇ.

ಸೋರುವ ಮಾಡು ಎಲ್ಲರಿಗೂ ಕಾಣುತ್ತಿತ್ತು. ನಿಜವಾದ ತೊಂದರೆ ಇದ್ದದ್ದು ಹಿಂದಿನ ದರೆಯಲ್ಲಿ, ಅಂದರೆ ಭವನದ ಹಿಂದಿನ ಕಡಿದಾದ ಮಣ್ಣಿನ ದಿಬ್ಬದಲ್ಲಿ. ಮಳೆಗಾಲವಿಡೀ ದರೆಯಿಂದ ಜಿನುಗಿದ ನೀರು ಗೋಡೆಯ ಬುಡ ಸೇರಿ ನೆಲದಡಿ ಬರುತ್ತಿತ್ತು. ದರೆಗೂ ಗೋಡೆಗೂ ನಡುವೆ, ಒಳಗಿನ ನೆಲಕ್ಕಿಂತ ತಗ್ಗಾಗಿ, ಜಂಬಿಟ್ಟಿಗೆ ಕಟ್ಟಿದ ಚರಂಡಿ ಮಾಡಿಸಿದೆವು. ನೋಡಲು ಏನೂ ಅಲ್ಲ. ಆದರೆ ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ.

ಮಾಡಿಗೆ ಇದ್ದದ್ದು ಹಳೇ ಕಲ್ನಾರು ಶೀಟು. ಅದು ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿಯೇ ಇಳಿಸಿದೆವು. ಕೆಲವರು ಕೊಟ್ಟಿಗೆಗೆ ಕೇಳಿದರು, ಯಾರಿಗೂ ಕೊಡಲಿಲ್ಲ. ಹೊಸದಾಗಿ ಹಂಚು ಹಾಕಿದರೆ ಮಂಗಗಳು ಉಳಿಸುವುದಿಲ್ಲ. ಬರೀ ತಗಡಾದರೆ ಆಷಾಢದ ಮಳೆಯಲ್ಲಿ ಭಾಗವತರ ಪದ ಕೇಳಿಸಬೇಕಲ್ವಾ? ನಡುವೆ ಫೋಮ್ ಇರುವ ಪಫ್ ಶೀಟು ಹಾಕಿಸಿದೆವು. ದುಬಾರಿ, ಆದರೆ ಸದ್ದು ಕಡಿಮೆ, ಒಳಗೆ ಬೆವರಿ ತೊಟ್ಟಿಕ್ಕುವುದೂ ಕಡಿಮೆ. ಸೂರನ್ನು ಚೆನ್ನಾಗಿ ಮುಂದಕ್ಕೆ ಚಾಚಿದ್ದರಿಂದ ಎರಚಲಿಗೆ ವರ್ಷವೂ ಸೋಗೆ ತಟ್ಟಿ ಕಟ್ಟುವ ಕೆಲಸ ತಪ್ಪಿತು.

ಇದೆಲ್ಲ ಮುಗಿದು ಒಂದು ಮಳೆಗಾಲ ಕಾಯಲು ಹೇಳಿದೆ. ಹುಡುಗರಿಗೆ ಬೇಸರವಾಯಿತು. ಮಳೆ ಜೋರಿದ್ದಾಗಲೇ ನೆಲದ ಮೇಲೆ ಅಲ್ಲಲ್ಲಿ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಮಾರನೇ ದಿನ ತೆಗೆದು ನೋಡಿದೆವು. ಅಡಿಯಲ್ಲಿ ಹನಿ ಕಟ್ಟಿದ್ದರೆ ನೆಲ ಇನ್ನೂ ಒದ್ದೆ ಎಂದರ್ಥ. ನಮ್ಮದು ಒಣಗಿತ್ತು.

ಆಮೇಲೆ ಸುತ್ತಿಡಬಹುದಾದ ಸಿಂಥೆಟಿಕ್ ಮ್ಯಾಟ್ ತಂದೆವು. ಕೋರ್ಟಿನ ಗೆರೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಮದುವೆ ಬಂದರೆ ಮ್ಯಾಟ್ ಸುತ್ತಿ ಒಳಗಿಡುತ್ತೇವೆ. ಕುರ್ಚಿ ಎಳೆದಾಡುವುದು, ಸಾರು ಚೆಲ್ಲುವುದು ಎಲ್ಲ ಸಿಮೆಂಟ್ ನೆಲದ ಮೇಲೇ ಆಗಲಿ. ಲೈಟುಗಳನ್ನು ನೆತ್ತಿಯಿಂದ ತೆಗೆದು ಪಕ್ಕಕ್ಕೆ ಹಾಕಿಸಿದೆವು, ಮೇಲೆ ನೋಡುವಾಗ ಕಣ್ಣು ಕುಕ್ಕಬಾರದು. ಕೋರ್ಟಿನ ಹಿಂದಿನ ಗೋಡೆಗೆ ಕಡು ಹಸಿರು ಬಣ್ಣ. ಬಿಳಿ ಗೋಡೆಯ ಮುಂದೆ ಬಿಳಿ ಶಟಲ್ ಕಾಣುವುದೇ ಇಲ್ಲ.

ಇಂಥ ಕೆಲಸ ಹಿಡಿಯುವವರು ಅಡಿಕೆ ಕೊನೆ ಕೊಯ್ಲಿನ ಸಮಯ ಬಿಡಿ, ಆಗ ಆಳು ಸಿಗುವುದಿಲ್ಲ. ಶಿವರಾತ್ರಿಗೆ ಶುರುಮಾಡಿ ಮೇ ಒಳಗೆ ಮಾಡು ಮುಚ್ಚಿಬಿಡಿ. ನಮ್ಮಲ್ಲಿ ಇನ್ನು ಶೌಚಾಲಯ ಉಳಿದಿದೆ. ವಯಸ್ಸಾದವರು ಮೆಟ್ಟಿಲು ಹತ್ತದೆ ಹೋಗುವಂತೆ ಇಳಿಜಾರು ದಾರಿಯೂ ಆಗಬೇಕು. ಮುಂದಿನ ಬೇಸಿಗೆಗೆ ಅದನ್ನೇ ಮೊದಲು ಹಿಡಿಯುತ್ತೇವೆ.