ಪೆನ್ಸಿಲು ಬೇಕಾದರೆ ಸ್ಪ್ಯಾನಿಷಿನಲ್ಲಿ ಕೇಳು: ಪುಟ್ಟ ಮಕ್ಕಳಿಗೆ ತರಗತಿಯ ಪದಗಳನ್ನು ಕಲಿಸುವ ಕ್ರಮ

ಬೆಂಗಳೂರಿನ ಕೆಲವು ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ಒಂದನೇ, ಎರಡನೇ ತರಗತಿಯಿಂದಲೇ ಸ್ಪ್ಯಾನಿಷ್ ಇರುತ್ತದೆ. ಆ ವಯಸ್ಸಿನವರಿಗೆ ನಾನು ಬಣ್ಣ, ಅಂಕಿಗಳಿಗಿಂತ ಮೊದಲು ತರಗತಿಯ ಸಾಮಾನುಗಳ ಹೆಸರು ಹೇಳಿಕೊಡುತ್ತೇನೆ. ಪೆನ್ಸಿಲು, ರಬ್ಬರ್, ಮೆಂಡರ್, ಸ್ಕೇಲು ಅವರಿಗೆ ಗಂಟೆಗೊಮ್ಮೆ ಬೇಕಾಗುತ್ತವೆ, ಬೇಕಾದದ್ದರ ಹೆಸರು ಬಾಯಿಗೆ ಬೇಗ ಹತ್ತುತ್ತದೆ. ಚಿತ್ರದ ಕಾರ್ಡು ಹಿಡಿದು ‘ಇದೇನು?’ ಎಂದು ಕೇಳುವ ಪಾಠ ನನಗೆ ಒಗ್ಗುವುದಿಲ್ಲ. ಎದುರಿಗೇ ಕುರ್ಚಿ ಇರುವಾಗ ಕುರ್ಚಿಯ ಚಿತ್ರ ಯಾಕೆ?

ಶುರು ಮಾಡುವ ಮುಂಚೆ ಯಾವ ದೇಶದ ಸ್ಪ್ಯಾನಿಷ್ ಎಂದು ತೀರ್ಮಾನಿಸಿಕೊಳ್ಳಬೇಕು. ರಬ್ಬರಿಗೆ ಸ್ಪೇನಿನಲ್ಲಿ ‘ಗೋಮ’, ಮೆಕ್ಸಿಕೊದಲ್ಲಿ ‘ಬೊರ್ರದೋರ್’ ಎಂಬುದೂ ಉಂಟು. ಸೀಮೆಸುಣ್ಣ ಸ್ಪೇನಿನಲ್ಲಿ ‘ತೀಸ’, ಮೆಕ್ಸಿಕೊದಲ್ಲಿ ‘ಹಿಸ್’. ಬೋರ್ಡು ‘ಪಿಸಾರ್ರ’ ಅಥವಾ ‘ಪಿಸರ್ರೋನ್’. ಪೆನ್ನು ‘ಬೊಲೀಗ್ರಫೊ’ ಅಥವಾ ‘ಪ್ಲೂಮ’. ಮುಂದಿನ ತರಗತಿಗಳ ಪಠ್ಯಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಹಿಡಿಯುವುದು ಒಳ್ಳೆಯದು. ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡದ ಮನೆಗಳಲ್ಲಾದರೆ ಮಕ್ಕಳ ಕಿವಿಗೆ ಮೆಕ್ಸಿಕೊದ ಪದಗಳೇ ಹೆಚ್ಚು ಬೀಳುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಐದು ವರ್ಷದ ಮಗು ಯಾವುದನ್ನೂ ಹೇಳುವುದಿಲ್ಲ.

ಮೊದಲ ವಾರಕ್ಕೆ ನಾಲ್ಕೇ ಪದ: ಎಲ್ ಲಾಪಿಸ್ (ಪೆನ್ಸಿಲು), ಲ ಮೊಚೀಲ (ಬ್ಯಾಗು), ಎಲ್ ಲೀಬ್ರೊ (ಪುಸ್ತಕ), ಲ ಪ್ವೇರ್ತ (ಬಾಗಿಲು). ಇವುಗಳ ಆಕಾರ, ಇರುವ ಜಾಗ, ಸದ್ದು ಮೂರೂ ಬೇರೆ ಬೇರೆ. ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕಲಿತರೆ ಒಂದರೊಳಗೊಂದು ಕಲಸಿಹೋಗುತ್ತವೆ ಎಂಬುದನ್ನು 1990ರ ದಶಕದಲ್ಲಿ ಟಿಂಕಮ್, ವಾರಿಂಗ್ ಎಂಬ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದರು. ತರಗತಿಯಲ್ಲೂ ಇದು ಕಾಣುತ್ತದೆ: ಕುರ್ಚಿ, ಮೇಜು, ಡೆಸ್ಕು ಒಂದೇ ದಿನ ಬಂದರೆ ಮಕ್ಕಳು ಮೂರನ್ನೂ ಅದಲುಬದಲು ಮಾಡುತ್ತಾರೆ. ಆಮೇಲೆ ವಾರಕ್ಕೆ ಎರಡು ಹೊಸ ಪದ ಸಾಕು. ಆರು ವಾರಕ್ಕೆ ಹದಿನಾಲ್ಕರಷ್ಟಾಗುತ್ತದೆ; ವಾರಕ್ಕೆ ಎರಡು ಪೀರಿಯಡ್ ಸಿಗುವ ತರಗತಿಗೆ ಅದು ಕಡಿಮೆಯೇನಲ್ಲ.

ಗೋಮ ಎಂಬ ಪದಕ್ಕೆ ಒಂದು ಎಚ್ಚರಿಕೆ. ನಮ್ಮ ಮಕ್ಕಳಿಗೆ ಅದು ‘ಗಮ್’ ಎಂದು ಕೇಳಿಸಿ ಅಂಟಿನ ಡಬ್ಬಿ ಎತ್ತಿಕೊಂಡು ಬರುತ್ತಾರೆ. ಅಂಟಿಗೆ ‘ಪೆಗಮೇಂತೊ’ ಎನ್ನಬೇಕು. ಈ ಎರಡರ ನಡುವೆ ಕನಿಷ್ಠ ಮೂರು ವಾರ ಬಿಡುತ್ತೇನೆ, ರಬ್ಬರನ್ನು ಮೊದಲು ಗಟ್ಟಿ ಮಾಡುತ್ತೇನೆ. ಹಾಗೆಯೇ ‘ಸಾಕ’ ಎಂದರೆ ‘ಹೊರಗೆ ತೆಗೆ’. ‘ಸಾಕ ಎಲ್ ಲೀಬ್ರೊ’ ಎಂದರೆ ಹಿಂದಿನ ಬೆಂಚಿನಿಂದ ‘ಸಾಕು ಮಿಸ್’ ಎಂದು ಉತ್ತರ ಬಂದೇ ಬರುತ್ತದೆ. ನಗಲಿ ಬಿಡಿ, ಆ ಪದ ಮತ್ತೆ ಮರೆಯುವುದಿಲ್ಲ.

ಮೊದಲ ಪಾಠಗಳಲ್ಲಿ ಮಕ್ಕಳು ಮಾತಾಡಬೇಕಾಗಿಲ್ಲ, ಕೈಯಲ್ಲಿ ಉತ್ತರ ಕೊಟ್ಟರೆ ಸಾಕು. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಬೆಳೆಸಿದ ಪದ್ಧತಿ ಇದು: ಶಿಕ್ಷಕರು ಆಜ್ಞೆ ಕೊಡುತ್ತಾರೆ, ಮಗು ಮಾಡಿ ತೋರಿಸುತ್ತದೆ. ‘ತೋಕ ಲ ಪ್ವೇರ್ತ’ (ಬಾಗಿಲು ಮುಟ್ಟು), ‘ದಾಮೆ ಎಲ್ ಲಾಪಿಸ್’ (ಪೆನ್ಸಿಲು ಕೊಡು), ‘ಆಬ್ರೆ ಲ ಮೊಚೀಲ’ (ಬ್ಯಾಗು ತೆರೆ). ಮೊದಲ ಎರಡು ಸಲ ನಾನೂ ಜೊತೆಗೆ ಮಾಡುತ್ತೇನೆ. ಮೂರನೆಯ ಸಲ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಇದು ಮುಖ್ಯ. ನಮಗೇ ಗೊತ್ತಿಲ್ಲದಂತೆ ಕಣ್ಣು ಬಾಗಿಲ ಕಡೆ ಹೊರಳುತ್ತದೆ, ಮಕ್ಕಳು ಪದ ಕೇಳುವುದು ಬಿಟ್ಟು ನಮ್ಮ ಕಣ್ಣು ನೋಡಿ ಓಡುತ್ತಾರೆ. ಆಜ್ಞೆಗಳ ಅನುಕ್ರಮವನ್ನೂ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಅವರು ಕಲಿಯುವುದು ಅನುಕ್ರಮವನ್ನೇ. ಎಲ್ಲರನ್ನೂ ಒಮ್ಮೆಗೇ ಬಾಗಿಲಿಗೆ ಕಳಿಸಿದರೆ ನೂಕುನುಗ್ಗಲು, ಆದ್ದರಿಂದ ನಾಲ್ಕು ನಾಲ್ಕು ಮಕ್ಕಳ ಗುಂಪು.

ಹೆಸರಿಗೆ ಮೊದಲು ಬರುವ ಎಲ್ (ಪುಲ್ಲಿಂಗಕ್ಕೆ), ಲ (ಸ್ತ್ರೀಲಿಂಗಕ್ಕೆ) ಬಗ್ಗೆ ತಂದೆತಾಯಿಯರು ತುಂಬ ಕೇಳುತ್ತಾರೆ. ಕನ್ನಡದಲ್ಲಿ ವಸ್ತುವೆಲ್ಲ ‘ಅದು’. ಪುಸ್ತಕ ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ ಎಂದು ಮಗುವಿಗೆ ವಿವರಿಸಲು ಹೋದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ನಾನು ಲಿಂಗದ ಮಾತೇ ಎತ್ತುವುದಿಲ್ಲ. ‘ಲೀಬ್ರೊ’ ಎಂದು ಒಂಟಿಯಾಗಿ ಎಂದೂ ಹೇಳುವುದಿಲ್ಲ, ಯಾವಾಗಲೂ ‘ಎಲ್ ಲೀಬ್ರೊ’. ಎಲ್ ಇರುವ ವಸ್ತುಗಳಿಗೆ ಹಸಿರು ಚುಕ್ಕೆ, ಲ ಇರುವವಕ್ಕೆ ಕಿತ್ತಳೆ ಚುಕ್ಕೆ ಅಂಟಿಸುತ್ತೇನೆ. ನೀಲಿ, ಗುಲಾಬಿ ಬೇಡ, ‘ಇದು ಹುಡುಗರದ್ದು’ ಎಂಬ ಜಗಳ ಶುರುವಾಗುತ್ತದೆ. ಮಗು ‘ಲ ಲೀಬ್ರೊ’ ಎಂದರೆ ತಪ್ಪು ಎನ್ನದೆ, ‘ಎಲ್ ಲೀಬ್ರೊ? ಅಕೀ ಎಸ್ತಾ ಎಲ್ ಲೀಬ್ರೊ’ (ಪುಸ್ತಕವಾ? ಇಗೋ ಪುಸ್ತಕ) ಎಂದು ಪುಸ್ತಕ ಕೈಗಿಡುತ್ತೇನೆ. ‘ಎಲ್ ಮಾಪ’ (ನಕ್ಷೆ) ಅ ಸ್ವರದಲ್ಲಿ ಮುಗಿದರೂ ಎಲ್ ಗುಂಪಿನದು. ನಿಯಮ ಹೇಳದೇ ಇದ್ದವರಿಗೆ ಅಪವಾದದ ತೊಂದರೆಯೂ ಇಲ್ಲ.

ಉಚ್ಚಾರಣೆಯಲ್ಲಿ ಕನ್ನಡದ ಮಕ್ಕಳಿಗೆ ಒಳ್ಳೆಯ ಬಂಡವಾಳವಿದೆ, ಅದನ್ನು ಇಂಗ್ಲಿಷ್ ಕೆಡಿಸದಂತೆ ನೋಡಿಕೊಂಡರಾಯಿತು. ಸ್ಪ್ಯಾನಿಷಿನ ತ, ದ ಹಲ್ಲಿಗೆ ನಾಲಗೆ ತಾಗಿಸಿ ಹೇಳುವಂಥವು. ಕತ್ತರಿಗೆ ‘ಟಿಹೇರಸ್’ ಎಂದ ಮಗುವಿಗೆ ‘ತಾತ ಅನ್ನು, ಈಗ ತಿಹೇರಸ್ ಅನ್ನು’ ಎಂದರೆ ಸರಿಹೋಗುತ್ತದೆ. ಸ್ಕೇಲಿಗೆ ‘ರ್ರೇಗ್ಲ’, ಅದರ ಮೊದಲಕ್ಷರ ‘ಗಿರ್ರನೆ ತಿರುಗು’ ಎನ್ನುವಾಗಿನ ರ್ರ. ಕಿಟಕಿಯನ್ನು ವಿ ಅಕ್ಷರದಲ್ಲಿ ಬರೆದರೂ ‘ಬೆಂತಾನ’ ಎನ್ನಬೇಕು. ಪದದ ಯಾವ ಭಾಗಕ್ಕೆ ಒತ್ತು ಬೀಳಬೇಕೋ ಆ ಸ್ವರವನ್ನು ಸ್ವಲ್ಪ ಎಳೆಯಲು ಹೇಳಿದರೆ ಒತ್ತು ತಾನಾಗಿ ಬರುತ್ತದೆ: ಮೊಚೀಲ, ಕ್ವದೇರ್ನೊ (ನೋಟ್‌ಬುಕ್ಕು), ಸಕಪೂಂತಸ್ (ಮೆಂಡರ್). ಆದರೆ ಕೊನೆಯ ಅ ನಮ್ಮ ‘ಮರ’ದ ಅ ಥರ ಮುಚ್ಚಬಾರದು, ಬಾಯಿ ತೆರೆದ ಗಿಡ್ಡ ಆ ಆಗಬೇಕು.

ನಮ್ಮದೇ ರೂಢಿಯಿಂದ ಆಗುವ ತೊಡಕೂ ಇವೆ. ಪದದ ಮೊದಲ ಎ ನಮ್ಮ ಬಾಯಲ್ಲಿ ಯೆ ಆಗುತ್ತದೆ. ‘ಎಸ್ ಉನ್ ಲಾಪಿಸ್’ (ಇದು ಪೆನ್ಸಿಲು) ಎಂಬುದು ‘ಯೆಸ್, ಉನ್ ಲಾಪಿಸ್’ ಆಗಿಬಿಡುತ್ತದೆ, ಮಗುವೂ ಅದನ್ನು ಇಂಗ್ಲಿಷಿನ ಯೆಸ್ ಎಂದೇ ತಿಳಿದಿರುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉ ಸೇರಿ ಪಪೇಲ್ (ಕಾಗದ) ‘ಪಪೇಲು’, ಲಾಪಿಸ್ ‘ಲಾಪಿಸು’ ಎಂದಾಗುವುದು ಇನ್ನೊಂದು. ಇದಕ್ಕೆ ನನ್ನ ಉಪಾಯ, ಕೊನೆಯ ಅಕ್ಷರಕ್ಕೆ ಮುಷ್ಟಿ ಮುಚ್ಚುವುದು: ಕೈ ಮುಚ್ಚಿದ ಮೇಲೆ ಸದ್ದಿಲ್ಲ.

ಓದು ಬರಹವನ್ನು ಮೊದಲ ನಾಲ್ಕೈದು ವಾರ ದೂರವೇ ಇಡುತ್ತೇನೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಆಗತಾನೇ ಕಲಿತ ಮಗು ಬರೆದದ್ದನ್ನು ಕಂಡರೆ ಲೀಬ್ರೊವನ್ನು ‘ಲೈಬ್ರೊ’ ಮಾಡುತ್ತದೆ. ಕಾಗದದ ಹಾಳೆಗೆ ‘ಓಹ’ ಎನ್ನುತ್ತಾರೆ. ಬರೆಯುವಾಗ ಎಚ್ ಇದೆ, ಸದ್ದಿಲ್ಲ, ಜೆ ಇದ್ದಲ್ಲಿ ಹ ಸದ್ದು. ಕಿವಿ ಗಟ್ಟಿಯಾಗುವ ತನಕ ಇದನ್ನು ತೋರಿಸದಿರುವುದೇ ವಾಸಿ. ಕೋಣೆಯ ತುಂಬ ಚೀಟಿ ಅಂಟಿಸುವುದೂ ಹೆಚ್ಚು ದಿನ ನಡೆಯುವುದಿಲ್ಲ, ಎರಡೇ ವಾರದಲ್ಲಿ ಅವು ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳದಾಗುತ್ತವೆ. ಓದು ಶುರುವಾದ ಮೇಲೆ ಚೀಟಿಗಳನ್ನು ಬೇಕೆಂದೇ ತಪ್ಪು ಜಾಗಕ್ಕೆ ಅಂಟಿಸಿಡುತ್ತೇನೆ. ಬಾಗಿಲ ಮೇಲೆ ಕುರ್ಚಿಯ ಹೆಸರು ಕಂಡರೆ ಓದಲು ಹೇಳಬೇಕಾಗಿಯೇ ಇಲ್ಲ.

ಆಟಗಳಲ್ಲಿ ಎರಡು ಸಾಕು. ಒಂದು, ಬಟ್ಟೆ ಚೀಲದೊಳಗೆ ಆರು ವಸ್ತು ಹಾಕಿ, ನೋಡದೆ ಮುಟ್ಟಿ ಹೆಸರು ಹೇಳಿಸುವುದು. ಕತ್ತರಿ, ಮೆಂಡರ್ ಚೀಲಕ್ಕೆ ಹಾಕಬೇಡಿ, ಬೆರಳು ಕೊಯ್ಯುತ್ತದೆ. ಇನ್ನೊಂದು ‘ಕೆ ಫಾಲ್ತ?’ (ಯಾವುದಿಲ್ಲ?): ಮೇಜಿನ ಮೇಲೆ ಐದು ವಸ್ತು, ಹತ್ತು ಸೆಕೆಂಡು ನೋಟ, ಟವೆಲು ಮುಚ್ಚಿ ಒಂದನ್ನು ತೆಗೆಯುವುದು. ಏಳಕ್ಕಿಂತ ಹೆಚ್ಚಾದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ, ಭಾಷೆ ಹಿಂದೆ ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಡಬ್ಬಿ. ಆರು ಮಕ್ಕಳ ಮೇಜಿಗೆ ಒಂದು ಡಬ್ಬಿ. ಅದರಲ್ಲಿ ಪೆನ್ಸಿಲು ನಾಲ್ಕು, ರಬ್ಬರ್ ಎರಡು, ಸ್ಕೇಲು ಎರಡು. ಸಾಮಾನು ಕಡಿಮೆ ಇಡುವುದು ಉದ್ದೇಶಪೂರ್ವಕ. ಡಬ್ಬಿ ಒಂದು ಮಗುವಿನ ವಶದಲ್ಲಿರುತ್ತದೆ. ಬೇಕಾದವರು ‘ನೆಸೆಸೀತೊ ಉನ ಗೋಮ, ಪೊರ್ ಫಬೋರ್’ (ದಯವಿಟ್ಟು, ನನಗೊಂದು ರಬ್ಬರ್ ಬೇಕು) ಎನ್ನಬೇಕು, ಕೊಡುವವರು ‘ತೋಮ’ (ತಗೋ), ಪಡೆದವರು ‘ಗ್ರಾಸಿಯಸ್’ (ಧನ್ಯವಾದ). ‘ಒಂದು’ ಎನ್ನಲು ಎಲ್ ಇದ್ದಲ್ಲಿ ಉನ್, ಲ ಇದ್ದಲ್ಲಿ ಉನ ಬರುವುದು ಇಲ್ಲಿಯೇ. ಹಸಿರು, ಕಿತ್ತಳೆ ಚುಕ್ಕೆ ನೋಡಿ ಹೇಳುತ್ತಾರೆ. ಪೆನ್ಸಿಲು ಒಳಗಿಟ್ಟುಕೊಂಡು ವಾಪಸು ಕೊಡದವರು ಇದ್ದೇ ಇರುತ್ತಾರೆ, ಅದಕ್ಕೆ ಪಾಠದ ಕೊನೆಯ ಮೂರು ನಿಮಿಷ ‘ಗ್ವಾರ್ದ ಎಲ್ ಲಾಪಿಸ್’ (ಪೆನ್ಸಿಲು ಎತ್ತಿಡು) ಎಂದು ಒಂದೊಂದಾಗಿ ಡಬ್ಬಿಗೆ ಹಾಕಿಸಿ ಎಣಿಸುವುದು.

ಹನ್ನೆರಡು ಪದ ದಾಟಿದ ಮೇಲೆ ಬಣ್ಣ. ಮೊದಲು ಬೇರ್ದೆ (ಹಸಿರು), ಅಸೂಲ್ (ನೀಲಿ): ಇವು ಎಲ್, ಲ ಎರಡಕ್ಕೂ ಹಾಗೇ ಇರುತ್ತವೆ. ಅದು ಸಲೀಸಾದ ಮೇಲೆ ಲಾಪಿಸ್ ರ್ರೋಹೊ (ಕೆಂಪು ಪೆನ್ಸಿಲು), ಮೊಚೀಲ ರ್ರೋಹ (ಕೆಂಪು ಬ್ಯಾಗು). ತಿಹೇರಸ್, ಸಕಪೂಂತಸ್ ಎರಡನ್ನೂ ಪಟ್ಟಿಯ ಕೊನೆಗೆ ಇಡುತ್ತೇನೆ. ಕತ್ತರಿ ಒಂದೇ ಇದ್ದರೂ ‘ಲಸ್ ತಿಹೇರಸ್’ ಎಂದು ಬಹುವಚನ, ಮೆಂಡರ್ ಸ್ ಇಂದ ಮುಗಿದರೂ ‘ಎಲ್ ಸಕಪೂಂತಸ್’ ಎಂದು ಏಕವಚನ.

ಪರೀಕ್ಷೆ ಮಾಡುವುದು ಒಬ್ಬೊಬ್ಬರನ್ನೇ ಕರೆದು, ಉಳಿದವರು ಚಿತ್ರ ಬಿಡಿಸುತ್ತಿರುವಾಗ, ತಲೆಗೆ ಒಂದು ನಿಮಿಷ. ಐದು ವಸ್ತು ಮುಂದಿಟ್ಟು ಮೊದಲು ‘ದಾಮೆ’, ಆಮೇಲೆ ‘ಕೆ ಎಸ್ ಏಸ್ತೊ?’ (ಇದೇನು?). ಗುರುತಿಸಿದ್ದಕ್ಕೂ ಹೇಳಿದ್ದಕ್ಕೂ ಬೇರೆ ಬೇರೆ ಕಾಲಂ. ಗುರುತಿಸಿದರೂ ಹೇಳಲಾಗದ ಮಗುವಿಗೆ ಡಬ್ಬಿಯ ಉಸ್ತುವಾರಿ ಕೊಡುತ್ತೇನೆ, ಮುಂದಿನ ವಾರ ಪೂರ್ತಿ.