ಡೈಮಂಡ್ ಆನ್ವಿಲ್ ಸೆಲ್‌ನಲ್ಲಿ ಮಾದರಿಯನ್ನು ಒತ್ತುವ ವಿಧಾನ

ಬಲ ಬೀಳುವ ವಿಸ್ತೀರ್ಣ ಕುಗ್ಗಿದಷ್ಟೂ ಒತ್ತಡ ಏರುವುದರಿಂದ, ಡೈಮಂಡ್ ಆನ್ವಿಲ್ ಸೆಲ್ ಎಂಬ ಒತ್ತುವ ಸಾಧನದಲ್ಲಿ ಸುಮಾರು 300 ಮೈಕ್ರೋಮೀಟರ್ ಅಗಲದ ಎರಡು ವಜ್ರದ ತುದಿಗಳ ನಡುವೆ ಮಾದರಿಯನ್ನಿಟ್ಟು ಕೈಯಿಂದ ತಿರುಪು ಬಿಗಿದರೂ ವಾತಾವರಣದ ಒತ್ತಡದ ಕೆಲವು ಲಕ್ಷ ಪಟ್ಟನ್ನು ಮುಟ್ಟಬಹುದು.

ಮೊದಲು ಸೂಕ್ಷ್ಮದರ್ಶಕದಡಿ ಎರಡೂ ತುದಿಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸಮಾಂತರಗೊಳಿಸಬೇಕು. ವಜ್ರಗಳನ್ನು ಮೃದುವಾಗಿ ತಾಗಿಸಿದಾಗ ಕಾಣುವ ಬಣ್ಣದ ಪಟ್ಟೆಗಳು ಒಂದೊಂದಾಗಿ ಮರೆಯಾಗಿ, ಇಡೀ ಮುಖ ಒಂದೇ ಬಣ್ಣಕ್ಕೆ ತಿರುಗುವವರೆಗೆ ಆತುರ ಸಲ್ಲದು, ಏಕೆಂದರೆ ಇಲ್ಲಿನ ಅಲಕ್ಷ್ಯ ಮುಂದೆ ವಜ್ರವನ್ನೇ ಒಡೆಯಬಲ್ಲದು.

ಬಳಿಕ ರೀನಿಯಂ ಎಂಬ ಗಟ್ಟಿ ಲೋಹದ ಅಥವಾ ಉಕ್ಕಿನ ತಗಡನ್ನು ವಜ್ರಗಳಿಂದಲೇ ಒತ್ತಿ ಸುಮಾರು 40 ಮೈಕ್ರೋಮೀಟರ್ ದಪ್ಪಕ್ಕೆ ಇಳಿಸಿ, ಆ ಕುಳಿಯ ನಟ್ಟನಡುವೆ ತುದಿಯ ಅಗಲದ ಮೂರನೇ ಒಂದರಷ್ಟು ರಂಧ್ರ ಕೊರೆಯಬೇಕು. ಅದರೊಳಗೆ ಮಾದರಿಯನ್ನೂ ಮಾಣಿಕ್ಯದ ಒಂದು ಪುಟ್ಟ ಗುಂಡನ್ನೂ ಇಟ್ಟು, ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುವ ದ್ರವವನ್ನು ತುಂಬಬೇಕು. 4:1 ಪ್ರಮಾಣದ ಮೆಥನಾಲ್–ಎಥನಾಲ್ ಮಿಶ್ರಣ ಸುಮಾರು 10 ಗಿಗಾಪಾಸ್ಕಲ್‌ವರೆಗೆ (ವಾತಾವರಣದ ಒತ್ತಡದ ಸುಮಾರು ಒಂದು ಲಕ್ಷ ಪಟ್ಟು) ಸಾಕು. ಅದರಾಚೆಗೆ, ತುಂಬುವುದು ಕಷ್ಟವಾದರೂ, ಹೀಲಿಯಂ ಅನಿಲವೇ ಮೇಲು.

ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ, ಒತ್ತಡ ಎಷ್ಟೆಂದು ತಿಳಿಯಲು ಪ್ರತಿ ಹಂತದಲ್ಲೂ ಲೇಸರ್ ಬಿದ್ದಾಗ ಮಾಣಿಕ್ಯ ಹೊಮ್ಮಿಸುವ ಕೆಂಪು ಬೆಳಕಿನ ರೇಖೆಯ ತರಂಗಾಂತರವನ್ನು ಅಳೆಯಬೇಕು. ಸಾಮಾನ್ಯ ಸ್ಥಿತಿಯಲ್ಲಿ 694.2 ನ್ಯಾನೋಮೀಟರ್‌ನಲ್ಲಿರುವ ಅದು ಆರಂಭದಲ್ಲಿ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 0.36 ನ್ಯಾನೋಮೀಟರ್‌ನಷ್ಟು ಹೆಚ್ಚಿನ ತರಂಗಾಂತರದತ್ತ ಸರಿಯುತ್ತದೆ. ರಂಧ್ರ ಹಿಗ್ಗತೊಡಗಿದರೆ ಅಥವಾ ಒಂದು ಬದಿಗೆ ಜಾರಿದರೆ ಅಲ್ಲಿಗೇ ನಿಲ್ಲಿಸಬೇಕು.